ಶೀತಾರಂಭದ ತೊಡಕು ಮತ್ತು ಅದರ ನಿದಾನ: ನಂಜನಗೂಡು ಸೀಮೆಯ ಹಳೆಯ ಇಂಜೆಕ್ಷನ್ ಕಾರುಗಳನ್ನು ಕುರಿತು

ಯಂತ್ರಗಳ ಚರಿತ್ರೆಯನ್ನು ಅವುಗಳ ಆವಿಷ್ಕಾರದ ಚರಿತ್ರೆಯಾಗಿಯೇ ಬರೆಯುವುದು ರೂಢಿ. ಯಾವ ಯಂತ್ರವನ್ನು ಯಾರು, ಎಲ್ಲಿ, ಯಾವ ವರ್ಷದಲ್ಲಿ ನಿರ್ಮಿಸಿದರೆಂಬುದು ಅಂಥ ಗ್ರಂಥಗಳಲ್ಲಿ ವಿಪುಲವಾಗಿ ದೊರೆಯುತ್ತದೆ. ಅದೇ ಯಂತ್ರ ಇಪ್ಪತ್ತು ವರ್ಷಗಳ ತರುವಾಯ ಮೂರನೆಯವರ ಕೈಗೆ ಬಂದು, ಹಳ್ಳಿಯೊಂದರ ಜಗಲಿಯ ಮುಂದೆ ರಾತ್ರಿಯೆಲ್ಲ ನಿಂತು, ಬೆಳಗಿನಲ್ಲಿ ಹೊರಡಲೊಲ್ಲದೆ ಹೋದಾಗ ಜನ ಅದನ್ನು ಹೇಗೆ ಅರ್ಥಮಾಡಿಕೊಂಡರು, ಹೇಗೆ ಸರಿಪಡಿಸಿದರು ಎಂಬುದಾದರೋ ಬರೆಹಕ್ಕೆ ಬಂದಿರುವುದು ತೀರ ಕಡಮೆ. ಯಂತ್ರದ ಬಾಳಿನ ಬಹುಪಾಲು ಕಳೆಯುವುದು ಈ ಎರಡನೆಯ ಅವಸ್ಥೆಯಲ್ಲಿಯೇ ಆದ್ದರಿಂದ ಇದನ್ನು ಅಲಕ್ಷಿಸುವುದು ಉಚಿತವೆಂದು ನಮಗೆ ತೋರುವುದಿಲ್ಲ.

ಪ್ರಕೃತ ಲೇಖನದ ಕ್ಷೇತ್ರ ಚಿಕ್ಕದು. ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿ ಮತ್ತು ಅಲ್ಲಿಂದ ತಿರುಮಕೂಡಲು ನರಸೀಪುರದವರೆಗಿನ ಕಪಿಲೆಯ ಬಯಲು ಅದರ ಎಲ್ಲೆ. 1998ರಿಂದ 2010ರವರೆಗಿನ ಅವಧಿಯಲ್ಲಿ ತಯಾರಾದ, ಕಾರ್ಬುರೇಟರಿಗೆ ಬದಲಾಗಿ ಇಂಜೆಕ್ಟರುಗಳ ಮೂಲಕ ಪೆಟ್ರೋಲನ್ನು ಚಿಮ್ಮಿಸುವ ಕಾರುಗಳು ಅದರ ವಸ್ತು. ಇವುಗಳ ವಿಷಯವಾಗಿ ಈ ಸೀಮೆಯಲ್ಲಿ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ ಮಾತಿನದು: “ಬೆಳಿಗ್ಗೆ ಹೊತ್ತು ಎಷ್ಟು ಸೆಲ್ಫ್ ಹೊಡೆದರೂ ಹತ್ತಿಕೊಳ್ಳಲ್ಲ, ಒಂದು ಸಲ ಹತ್ತಿಕೊಂಡರೆ ದಿನವೆಲ್ಲ ತೊಂದರೆ ಇಲ್ಲ.” ಇದನ್ನೇ ನಾವು ಶೀತಾರಂಭದ ತೊಡಕು ಎಂದು ಕರೆದಿದ್ದೇವೆ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು. ಕಾರ್ಬುರೇಟರಿನ ಕಾಲದಲ್ಲಿ ಚಳಿಯ ಅರಿವು ಚಾಲಕನ ಕೈಯಲ್ಲಿತ್ತು. ಇಂಜೆಕ್ಷನ್ ಬಂದಮೇಲೆ ಆ ಅರಿವು ಎಂಜಿನಿನ ಒಡಲಲ್ಲಿ ಕುಳಿತ ಒಂದು ಸಾಕ್ಷಿಯ ವಶಕ್ಕೆ ಹೋಯಿತು. ಅಂದಿನಿಂದ ಶೀತಾರಂಭದ ನಿದಾನ ಮುಖ್ಯವಾಗಿ ಸಾಕ್ಷಿಪರೀಕ್ಷೆಯ ಕಾರ್ಯವಾಗಿ ಪರಿಣಮಿಸಿತು. ಈ ಕಾರ್ಯ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದುದಲ್ಲ. ಆ ಕಾರಣದಿಂದಲೇ ಈ ವಿಷಯಕ್ಕೆ ಈ ಪತ್ರಿಕೆಯಲ್ಲಿ ಎಡೆಯುಂಟೆಂದು ಭಾವಿಸಿದ್ದೇವೆ.

ಮೊದಲು ವಸ್ತುಸ್ಥಿತಿ. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಿಸಿಯಾದ ಎಂಜಿನಿನಲ್ಲಿ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸಾಕಾಗುತ್ತದೆ. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲಿನ ಹಗುರವಾದ ಅಂಶ ಮಾತ್ರ ಆವಿಯಾಗಿ, ಉಳಿದುದು ಕೊಳವೆಯ ಗೋಡೆಗಳಿಗೆ ತೇವವಾಗಿ ಅಂಟಿಕೊಳ್ಳುತ್ತದೆ. ಹೀಗೆ ವ್ಯರ್ಥವಾಗುವುದನ್ನು ತುಂಬಿಕೊಡುವುದಕ್ಕಾಗಿ ಪ್ರಾರಂಭದಲ್ಲಿ ಪೆಟ್ರೋಲನ್ನು ಅಧಿಕವಾಗಿ ಕೊಡಬೇಕು. ಎಷ್ಟು ಅಧಿಕ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿಗೆ ಒಂದೊಂದು ತಲೆಮಾರಿನವರು ಕೊಟ್ಟ ಉತ್ತರವೇ ಶೀತಾರಂಭದ ಚರಿತ್ರೆ.

ಹಿಂದಿನ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಈ ಉತ್ತರ ಬಹುಕಾಲ ಮೈಕೈಗಳ ಶ್ರಮದ ರೂಪದಲ್ಲಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲಿನ ಅನಿಲದಿಂದ ಬಸ್ಸುಗಳನ್ನು ಓಡಿಸುತ್ತಿದ್ದರು. ಹಿಂಬದಿಗೆ ಕಟ್ಟಿದ ಕುಲುಮೆಗೆ ಇದ್ದಿಲು ಸುರಿದು, ಕ್ಲೀನರು ಕೈಗಾಲಿಯನ್ನು ತಿರುಗಿಸಿ ಗಾಳಿ ಊದಿ, ಅನಿಲ ಹದಕ್ಕೆ ಬಂದಮೇಲೆ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಆ ತಲೆಮಾರಿನ ಹಿರಿಯರಿಂದ ಇದ್ದಿಲು ಬಸ್ಸಿನ ವೃತ್ತಾಂತವನ್ನು ಕೇಳಿದವರಿಗೆ, ಬಸ್ಸು ಹೊರಡುವುದೆಂಬುದು ಅಂದು ಒಂದು ಘಟನೆಯಾಗಿತ್ತೆಂಬುದು ತಿಳಿದೇ ಇದೆ. ಅಮೆರಿಕದಲ್ಲಿ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತಾದರೂ, ನಮ್ಮ ಅಂಬಾಸಡರ್ ಕಾರುಗಳಲ್ಲಿ ಹ್ಯಾಂಡಲಿಗಾಗಿ ಮುಂಬದಿಯಲ್ಲೊಂದು ರಂಧ್ರವನ್ನು ಬಹುಕಾಲ ಉಳಿಸಿಕೊಂಡಿದ್ದರು. ಬ್ಯಾಟರಿಯನ್ನು ನಂಬುವುದು ಒಂದು ಮಾತು, ಅದನ್ನೇ ನಂಬಿ ಕೂರುವುದು ಇನ್ನೊಂದು ಮಾತು ಎಂಬ ವಿವೇಕ ಅದರ ಹಿಂದೆ ಇದ್ದಿರಬೇಕು.

ಕಾರ್ಬುರೇಟರಿನ ಕಾರಿನಲ್ಲಿ ಚೋಕಿನ ಗುಂಡಿಯನ್ನು ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಷ್ಟು ಎಳೆಯಬೇಕು, ಯಾವಾಗ ಮರಳಿ ಒತ್ತಬೇಕು ಎಂಬುದನ್ನು ಚಾಲಕ ಎಂಜಿನಿನ ಸದ್ದಿನಿಂದ ತಿಳಿಯುತ್ತಿದ್ದ. ಮೈಸೂರಿಗೆ ಸಂಬಂಧಿಸಿದ ಇನ್ನೊಂದು ನಿದರ್ಶನವೂ ಇದೆ. 1961ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮೋಟಾರ್ ಸೈಕಲ್ಲಿನ ಕಾರ್ಬುರೇಟರಿನ ಮೇಲೆ ಪುಟ್ಟದೊಂದು ಒತ್ತುಗುಂಡಿ ಇರುತ್ತಿತ್ತು. ಅದನ್ನು ಬೆರಳಿನಿಂದ ಒತ್ತಿಹಿಡಿದರೆ ಒಳಗಿನ ತೇಲುಬುರುಡೆ ತಗ್ಗಿ ಪೆಟ್ರೋಲು ತುಳುಕುತ್ತದೆ. ಬೆರಳಿಗೆ ಪೆಟ್ರೋಲು ತಗುಲಿದರೆ ಸಾಕು ಎಂಬುದೇ ಅಳತೆ. ಚಳಿಯ ಬೆಳಗಿನಲ್ಲಿ ಹೆಚ್ಚು, ಮಧ್ಯಾಹ್ನಕ್ಕೆ ಸೊನ್ನೆ. ಇಲ್ಲಿ ರೋಗಿಯೂ ವೈದ್ಯನೂ ಪರಸ್ಪರ ಮುಖಾಮುಖಿಯಾಗಿದ್ದರು; ನಡುವೆ ದುಭಾಷಿಗಳು ಇರಲಿಲ್ಲ.

ಇಂಜೆಕ್ಷನ್ ಈ ಸಂಬಂಧವನ್ನು ಕಡಿದುಹಾಕಿತು. ಪೆಟ್ರೋಲನ್ನು ಪಂಪಿನ ಒತ್ತಡದಿಂದ ಚಿಮ್ಮಿಸುವ ಯೋಚನೆ ಹಳೆಯದೇ. 1954ರ ಮರ್ಸಿಡಿಸ್ 300 ಎಸ್.ಎಲ್. ಕಾರಿನಲ್ಲಿ ಅದು ಕೇವಲ ಯಾಂತ್ರಿಕವಾಗಿ ನಡೆಯುತ್ತಿತ್ತು. ವಿದ್ಯುನ್ಮಾನ ಪದ್ಧತಿಯನ್ನು ಅಮೆರಿಕದ ಬೆಂಡಿಕ್ಸ್ ಸಂಸ್ಥೆ 1950ರ ದಶಕದ ಕೊನೆಯಲ್ಲಿ ಪ್ರಯತ್ನಿಸಿ ಕೈಬಿಟ್ಟಿತು. ಜರ್ಮನಿಯ ಬಾಷ್ ಸಂಸ್ಥೆ ಅದನ್ನು ಊರ್ಜಿತಗೊಳಿಸಿ, ಡಿ-ಜೆಟ್ರೋನಿಕ್ ಎಂಬ ಹೆಸರಿನಲ್ಲಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಅಳವಡಿಸಿತು. ಅದೇ ಸಂಸ್ಥೆಯ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಎಂದರೆ ನಮ್ಮ ಜನ ‘ಮೈಕೋ’ ಎಂದು ಕರೆಯುತ್ತಿದ್ದ ಕಾರ್ಖಾನೆ, 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನಿನ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸುತ್ತಿತ್ತೆಂಬುದು ಇಲ್ಲಿ ಸ್ಮರಣೀಯ. ಲಾರಿ ಬಸ್ಸುಗಳ ಇಂಜೆಕ್ಷನ್ ಪಂಪು ಬೆಂಗಳೂರಿನಲ್ಲಿ ಮನೆಮಾತಾಗಿ ದಶಕಗಳು ಕಳೆದಮೇಲೆ ಪೆಟ್ರೋಲು ಕಾರಿನ ಇಂಜೆಕ್ಟರು ಮೈಸೂರಿನ ರಸ್ತೆಗೆ ಇಳಿಯಿತು.

ಬಾಷ್ ಸಂಸ್ಥೆಯ ಜೆಟ್ರೋನಿಕ್ ಪದ್ಧತಿಗಳಲ್ಲಿ ಶೀತಾರಂಭಕ್ಕೆಂದೇ ಪ್ರತ್ಯೇಕವಾದ ಒಂದು ಕವಾಟ ಇರುತ್ತಿತ್ತು. ಅದನ್ನು ಆಳುತ್ತಿದ್ದುದು ಎರಡು ಲೋಹಗಳ ಪಟ್ಟಿಯಿಂದ ಮಾಡಿದ ಒಂದು ಸ್ವಿಚ್ಚು. ಎಂಜಿನು ತಣ್ಣಗಿದ್ದರೆ ಸ್ವಿಚ್ಚು ಕೂಡಿಕೊಂಡು ಕವಾಟ ತೆರೆಯುತ್ತದೆ. ಸೆಲ್ಫ್ ಹೊಡೆಯುವಾಗ ಹರಿಯುವ ವಿದ್ಯುತ್ತಿನಿಂದ ಆ ಪಟ್ಟಿ ತಾನೇ ಕಾದು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಸುಮಾರು 8 ಸೆಕೆಂಡುಗಳಲ್ಲಿ ಬಿಟ್ಟುಕೊಳ್ಳುತ್ತದೆ. ‘ಎಷ್ಟು’, ‘ಎಷ್ಟು ಹೊತ್ತು’ ಎಂಬ ಎರಡೂ ಪ್ರಶ್ನೆಗಳನ್ನು ಒಂದು ಪಟ್ಟಿಯ ಬಾಗುವಿಕೆಯಲ್ಲಿ ಬಿಡಿಸಿದ ಈ ಉಪಾಯ ಬಹು ಸೊಗಸಾದುದೆಂದು ನಮಗೆ ತೋರುತ್ತದೆ. ಮುಂದೆ ಗಣಕಯಂತ್ರ ಚುರುಕಾದಂತೆ ಈ ಐದನೆಯ ಕವಾಟ ಕಾಣೆಯಾಯಿತು. ಎಂಜಿನಿನ ನೀರಿನ ಶಾಖವನ್ನು ಒಂದು ಸೆನ್ಸರು ಅಳೆದು ತಿಳಿಸುತ್ತದೆ. ಅದರ ಹೇಳಿಕೆಯಂತೆ ಗಣಕ ಪ್ರತಿ ಇಂಜೆಕ್ಟರನ್ನೂ ಹೆಚ್ಚು ಹೊತ್ತು ತೆರೆದಿಡುತ್ತದೆ. ನಮ್ಮಲ್ಲಿ ಎಂ.ಪಿ.ಎಫ್.ಐ. ಎಂಬ ಹೆಸರಿನಿಂದ ಬಂದುದು ಈ ಪದ್ಧತಿಯೇ.

ಭಾರತದಲ್ಲಿ ಅದರ ಪ್ರಸಾರಕ್ಕೆ ಒತ್ತು ದೊರೆತುದು ನ್ಯಾಯಾಲಯದಿಂದ ಮತ್ತು ಹೊಗೆಯ ನಿಯಮಗಳಿಂದ. ರಾಜಧಾನಿ ವಲಯದಲ್ಲಿ ಹೊಸ ಕಾರುಗಳು ಐರೋಪ್ಯ ಮಾನಗಳಿಗೆ ಹೊಂದಿರಬೇಕೆಂದು ಸುಪ್ರೀಂ ಕೋರ್ಟು 1999ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. 2005ರ ಏಪ್ರಿಲಿನಿಂದ ಭಾರತ್ ಸ್ಟೇಜ್ 2 ದೇಶಾದ್ಯಂತ ಜಾರಿಗೆ ಬಂದಿತು. 1998ರಲ್ಲಿ ಬಂದ ಸ್ಯಾಂಟ್ರೋ ಮೊದಲಿನಿಂದಲೇ ಇಂಜೆಕ್ಷನ್ ಕಾರು. ಮಾರುತಿ 800 ಸುಮಾರು 2000ದ ಹೊತ್ತಿಗೆ ಈ ಮಾರ್ಗ ಹಿಡಿಯಿತು. ದೆಹಲಿಯ ಹೊಗೆಯ ಕಾರಣದಿಂದ ಕೊನೆಗೆ ಬಿಳಿಗೆರೆಯ ಕಾರಿನಲ್ಲಿಯೂ ಚೋಕಿನ ಗುಂಡಿ ಇಲ್ಲದಾಯಿತು. ಅದರೊಡನೆ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳ ಕಿವಿಯ ವಿದ್ಯೆ ಅರ್ಧ ನಿರುಪಯೋಗವಾಯಿತು.

ಇಲ್ಲಿ ನಮ್ಮ ಸೀಮೆಯ ಹವೆಯನ್ನು ಗಮನಿಸುವುದು ಅವಶ್ಯ. ಮೈಸೂರು ಜಿಲ್ಲೆಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಕನಿಷ್ಠ ತಾಪಮಾನ ಸರಾಸರಿಯಲ್ಲಿ 16-17 ಡಿಗ್ರಿ ಸೆಂಟಿಗ್ರೇಡಿನಷ್ಟು. ಸುತ್ತೂರು ಜಾತ್ರೆಗೆ ನಸುಕಿನಲ್ಲಿ ಹೊರಟವರಿಗೆ, ತಿರುಮಕೂಡಲಿನ ಸಂಗಮದಲ್ಲಿ ಮುಂಜಾನೆ ಮುಳುಗು ಹಾಕಿದವರಿಗೆ ಇದು ಚಳಿಯೇ ಸರಿ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಏಳುವಂತೆ ರಚಿತವಾದ ಪದ್ಧತಿಗೆ ಮಾತ್ರ ಇದು ವಸಂತಕಾಲ. ಹೀಗಿರಲು, ಪಾಶ್ಚಾತ್ಯ ಕೈಪಿಡಿಗಳನ್ನು ಓದಿ ಇಲ್ಲಿಯ ಕಾರಿಗೂ ಚಳಿಯೇ ಶತ್ರುವೆಂದು ತೀರ್ಮಾನಿಸುವುದು ಸಾಧುವಲ್ಲ. ಆ ಕೈಪಿಡಿಗಳು ಹಿಮದ ನಾಡಿನವರಿಗಾಗಿ ಬರೆದವು. 16 ಡಿಗ್ರಿಯ ಬೆಳಗಿನಲ್ಲಿ ಏಳದ ಎಂಜಿನಿನ ದೋಷವನ್ನು ಹವೆಯಲ್ಲಿ ಹುಡುಕುವುದಕ್ಕಿಂತ, ರಾತ್ರಿಯ ಎಂಟು ಹತ್ತು ಗಂಟೆಗಳಲ್ಲಿ ಏನು ಸೋರಿತು, ಏನು ಇಳಿಯಿತು, ಬೆಳಗಾದಾಗ ಯಾರು ತಪ್ಪು ವರದಿ ಕೊಟ್ಟರು ಎಂಬುದರಲ್ಲಿ ಹುಡುಕಬೇಕು.

ಹುಡುಕುವ ಕ್ರಮಕ್ಕೆ ನಮ್ಮಲ್ಲಿ ಹಳೆಯ ಪರಿಭಾಷೆಯೊಂದು ಸಿದ್ಧವಾಗಿದೆ. ಮಾಧವಕರನ ಗ್ರಂಥದಲ್ಲಿ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ರೋಗಜ್ಞಾನದ ಐದು ಸಾಧನಗಳನ್ನು ಹೇಳಿದೆ. 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪಿತವಾಗಿ, ಹಲ್ಲುಪುಡಿಯಿಂದ ನಾಡಿಗೆಲ್ಲ ಹೆಸರಾದ ನಂಜನಗೂಡಿನ ಸಂದರ್ಭದಲ್ಲಿ ಆಯುರ್ವೇದವನ್ನು ನೆನೆಯುವುದು ಅಸಂಗತವಾಗಲಾರದು. ಈ ಐದರಲ್ಲಿ ನಮಗೆ ಮುಖ್ಯವಾದುದು ಉಪಶಯ. ಲಕ್ಷಣಗಳು ಗೂಢವಾಗಿರುವ ವ್ಯಾಧಿಯಲ್ಲಿ ಯಾವ ಉಪಚಾರದಿಂದ ರೋಗಿಗೆ ಹಿತವಾಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂಬುದನ್ನು ಕಂಡು ವ್ಯಾಧಿಯನ್ನು ನಿರ್ಣಯಿಸಬೇಕೆಂಬುದು ಚರಕಸಂಹಿತೆಯ ಮತ. ಇಂಜೆಕ್ಷನ್ ಕಾರಿನ ಶೀತಾರಂಭಕ್ಕೆ ಇದಕ್ಕಿಂತ ಸಮರ್ಪಕವಾದ ವಿಧಾನ ಇಲ್ಲ, ಮತ್ತು ಅದಕ್ಕೆ ಕಾಸಿನ ಖರ್ಚಿಲ್ಲ.

ಮೊದಲನೆಯ ಉಪಶಯ ಪೆಟ್ರೋಲಿನ ಒತ್ತಡಕ್ಕೆ ಸಂಬಂಧಿಸಿದುದು. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಕೊಳವೆಯಲ್ಲಿ ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡವನ್ನು ಉಂಟುಮಾಡುತ್ತದೆ. ಕಾರು ನಿಂತಮೇಲೂ ಈ ಒತ್ತಡ ಬೇಗನೆ ಇಳಿದುಹೋಗದಂತೆ ಪಂಪಿನ ಬಾಯಲ್ಲಿ ಹಿಮ್ಮುಖವಾಗಿ ಬಿಡದ ಕವಾಟವಿರುತ್ತದೆ. ಆ ಕವಾಟ ಸವೆದರೆ ರಾತ್ರಿ ಕಳೆಯುವಷ್ಟರಲ್ಲಿ ಕೊಳವೆ ಬರಿದಾಗುತ್ತದೆ. ಬೀಗದ ಕೈಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿದಾಗ ಪಂಪು ಎರಡು ಮೂರು ಸೆಕೆಂಡು ಮಾತ್ರ ಓಡಿ ನಿಲ್ಲುತ್ತದೆ. ಹಿಂದಿನ ಸೀಟಿನ ಬಳಿ ಕಿವಿಗೊಟ್ಟರೆ ಅದರ ಝೇಂಕಾರ ಕೇಳಿಸುತ್ತದೆ. ಒಂದು ಸಲದ ಓಟ ಬರಿದಾದ ಕೊಳವೆಯನ್ನು ತುಂಬಲು ಸಾಲದು. ಆದ್ದರಿಂದ ಸೆಲ್ಫ್ ಹೊಡೆಯದೆ, ಕೀಲಿಯನ್ನು ಮೂರು ನಾಲ್ಕು ಸಲ ತಿರುಗಿಸಿ ಆರಿಸಿ, ಪ್ರತಿ ಸಲವೂ ಝೇಂಕಾರ ಮುಗಿಯುವವರೆಗೆ ಕಾದು, ಬಳಿಕ ಹೊಡೆದು ನೋಡಬೇಕು. ಇದರಿಂದ ಎಂಜಿನು ಥಟ್ಟನೆ ಎದ್ದರೆ ರಾತ್ರಿ ಒತ್ತಡ ಸೋರಿದೆಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು. ಝೇಂಕಾರವೇ ಕೇಳಿಸದಿದ್ದರೆ ಫ್ಯೂಸು, ರಿಲೇ, ಪಂಪು ಇವುಗಳ ಕಡೆಗೆ ತಿರುಗಬೇಕು.

ಎರಡನೆಯದು ಇದಕ್ಕೆ ವಿರುದ್ಧವಾದ ಸ್ಥಿತಿ. ಇಂಜೆಕ್ಟರೊಂದು ಸರಿಯಾಗಿ ಮುಚ್ಚದೆ ರಾತ್ರಿ ತೊಟ್ಟಿಕ್ಕಿದರೆ ಎಂಜಿನು ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಆಗ ಹಸಿ ಪೆಟ್ರೋಲಿನ ವಾಸನೆ, ಎದ್ದಮೇಲೆ ಕಪ್ಪು ಹೊಗೆ. ಹಲವು ಇಂಜೆಕ್ಷನ್ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಗಣಕ ಪೆಟ್ರೋಲನ್ನು ನಿಲ್ಲಿಸಿ ಬರಿಯ ಗಾಳಿಯನ್ನು ಎಳೆಯಬಿಡುತ್ತದೆ. ಅದರಿಂದ ಹಿತವಾದರೆ ಅತಿಯೇ ರೋಗ. ಒತ್ತಡವನ್ನು ನಿಯಂತ್ರಿಸುವ ರೆಗ್ಯುಲೇಟರಿನ ಪೊರೆ ಹರಿದರೂ ಇದೇ ರೂಪ ಕಾಣುತ್ತದೆ. ರೆಗ್ಯುಲೇಟರಿನ ಸಣ್ಣ ನಿರ್ವಾತ ಕೊಳವೆಯನ್ನು ಕಿತ್ತು ನೋಡಿದಾಗ ಅದರಲ್ಲಿ ಪೆಟ್ರೋಲಿನ ತೇವವಿದ್ದರೆ ಅಪರಾಧಿ ಸಿಕ್ಕಂತೆ. ಆಕ್ಸಿಲರೇಟರನ್ನು ಪೂರ್ತಿಯಾಗಿ ತುಳಿಯದೆ ಕೊಂಚ ಮಾತ್ರ ಒತ್ತಿದಾಗ ಎಂಜಿನು ಏಳುವುದಾದರೆ, ಅದು ಪೆಟ್ರೋಲಿನ ವಿಷಯವಲ್ಲ, ನಿಂತಲ್ಲಿ ಗಾಳಿ ಕೊಡುವ ಕವಾಟಕ್ಕೆ ಮಸಿ ಕಟ್ಟಿದೆ ಎಂದು ತಿಳಿಯಬೇಕು.

ಈ ಪರೀಕ್ಷೆಗಳನ್ನು ಮಾಡುವಾಗ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಸ್ಟಾರ್ಟರು ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ. ಕಾರನ್ನು ತಳ್ಳಿ ಎಬ್ಬಿಸುವ ನಮ್ಮ ಹಳ್ಳಿಗಳ ಪದ್ಧತಿ ಕಾರ್ಬುರೇಟರಿನ ಕಾಲದಲ್ಲಿ ನಿರಪಾಯವಾಗಿತ್ತು. ಇಂಜೆಕ್ಷನ್ ಕಾರಿನಲ್ಲಿ ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ, ಅಲ್ಲಿ ಉರಿದು ಅದನ್ನು ಕೆಡಿಸುವ ಸಂಭವವಿದೆ.

ಇನ್ನು ಶಾಖವನ್ನು ತಿಳಿಸುವ ಸೆನ್ಸರಿನ ವಿಚಾರ. ನಮ್ಮ ದೃಷ್ಟಿಯಲ್ಲಿ ಇದು ಇಡೀ ಪ್ರಕರಣದ ಹೃದಯ. ಈ ಸೆನ್ಸರು ಶಾಖ ಏರಿದಂತೆ ವಿದ್ಯುತ್ತಿಗೆ ತಡೆ ಕಡಮೆಯಾಗುವ ವಸ್ತುವಿನಿಂದ ಮಾಡಿದುದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಅದರ ತಡೆ 2,000ದಿಂದ 3,000 ಓಮ್. 80 ಡಿಗ್ರಿಯಲ್ಲಿ ಸುಮಾರು 300 ಓಮ್. ತಂತಿ ಕಡಿದುಹೋದರೆ ಗಣಕಕ್ಕೆ ಅದು ಅಸಂಭವವಾದ ಚಳಿಯಂತೆ, ತಂತಿಗಳು ಒಂದನ್ನೊಂದು ಮುಟ್ಟಿದರೆ ಅಸಂಭವವಾದ ಶಾಖದಂತೆ ತೋರುತ್ತದೆ. ಈ ಎರಡು ಸುಳ್ಳುಗಳನ್ನು ಗಣಕ ಗುರುತಿಸಬಲ್ಲದು. ಎಚ್ಚರಿಕೆಯ ದೀಪ ಹೊತ್ತಿ, ಸಾಕ್ಷಿಯ ಮಾತನ್ನು ಬದಿಗಿಟ್ಟು, ತನ್ನಲ್ಲಿರುವ ಒಂದು ಸಿದ್ಧಸಂಖ್ಯೆಯಿಂದ ಕೆಲಸ ಸಾಗಿಸುತ್ತದೆ. ತೊಂದರೆ ಇರುವುದು ಮೂರನೆಯ ಬಗೆಯಲ್ಲಿ. ಹಳೆಯದಾದ ಸೆನ್ಸರು, ಅಥವಾ ಕಿಲುಬು ಹಿಡಿದ ಅದರ ಕನೆಕ್ಟರು, 16 ಡಿಗ್ರಿಯ ಬೆಳಗಿನಲ್ಲಿ 45 ಡಿಗ್ರಿ ಎಂದೋ, ಸೊನ್ನೆ ಡಿಗ್ರಿ ಎಂದೋ ಹೇಳಿದರೆ ಅದು ಸಂಭಾವ್ಯತೆಯ ಎಲ್ಲೆಯೊಳಗಿನ ಸುಳ್ಳು. ಹಳೆಯ ಗಣಕ ಅದನ್ನು ನಂಬುತ್ತದೆ. ದೀಪ ಹೊತ್ತುವುದಿಲ್ಲ. ಮೊದಲನೆಯದರಲ್ಲಿ ಪೆಟ್ರೋಲು ಸಾಲದೆ, ಎರಡನೆಯದರಲ್ಲಿ ಹೆಚ್ಚಾಗಿ, ಎಂಜಿನು ಏಳದೆ ಹೋಗುತ್ತದೆ. ‘ದೀಪ ಹೊತ್ತಿಲ್ಲ, ಆದ್ದರಿಂದ ಸೆನ್ಸರು ಸರಿಯಾಗಿದೆ’ ಎಂಬ ಅನುಮಾನ ವರ್ಕ್‌ಷಾಪುಗಳಲ್ಲಿ ಸಾಮಾನ್ಯ. ಅದು ದುರ್ಬಲವಾದ ಅನುಮಾನ.

ಶಾಸನಾಭ್ಯಾಸಿಗಳಿಗೆ ಈ ಬಗೆಯ ಸಾಕ್ಷಿ ಹೊಸದೇನಲ್ಲ. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ತಲಕಾಡಿನಿಂದ ಆಳಿದ ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿದರು, ರೈಸರು ಒಪ್ಪಲಿಲ್ಲ. ಆ ವಾದದ ಬಲಾಬಲ ಇಲ್ಲಿ ಅಪ್ರಕೃತ. ಅದರಿಂದ ಕಲಿಯಬೇಕಾದ ಕ್ರಮ ಮಾತ್ರ ಪ್ರಕೃತ: ತಾಮ್ರಪಟ ತನ್ನ ವಿಷಯವಾಗಿ ತಾನೇ ಹೇಳುವುದನ್ನು ಅಷ್ಟಕ್ಕೇ ನಂಬದೆ, ಲಿಪಿಯನ್ನು ಕಾಲದೊಡನೆ, ತಿಥಿಯನ್ನು ವಾರದೊಡನೆ, ಒಂದು ವಂಶಾವಳಿಯನ್ನು ಇನ್ನೊಂದರೊಡನೆ ತಾಳೆನೋಡಬೇಕು. ಕಾರಿನಲ್ಲಿ ಈ ತಾಳೆ ಬಹು ಸುಲಭ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಂಜಿನಿನ ನೀರು, ಒಳಗೆ ಹೋಗುವ ಗಾಳಿ, ಹೊರಗಿನ ಹವೆ ಈ ಮೂರೂ ಒಂದೇ ಶಾಖಕ್ಕೆ ಬಂದಿರಬೇಕು. ಬೆಳಗಿನಲ್ಲಿ ಸೆಲ್ಫ್ ಹೊಡೆಯುವ ಮುನ್ನ ಸ್ಕ್ಯಾನರಿನಲ್ಲಿ ನೀರಿನ ಸೆನ್ಸರಿನ ಅಂಕಿಯನ್ನೂ ಗಾಳಿಯ ಸೆನ್ಸರಿನ ಅಂಕಿಯನ್ನೂ ಓದಿ, ಸಾಧಾರಣವಾದ ಒಂದು ಥರ್ಮಾಮೀಟರಿನೊಡನೆ ಹೋಲಿಸಬೇಕು. ಎರಡು ಮೂರು ಡಿಗ್ರಿಗಳ ಅಂತರ ಸಹಜ. ಇಬ್ಬರು 17 ಎಂದು ಒಬ್ಬ 40 ಎಂದರೆ ಸುಳ್ಳುಸಾಕ್ಷಿ ಯಾರೆಂಬುದು ಸ್ಪಷ್ಟ. ಸ್ಕ್ಯಾನರಿಗೆ ಉತ್ತರ ಕೊಡದ ಹಳೆಯ ಕಾರಾದರೆ ಸೆನ್ಸರಿನ ಕನೆಕ್ಟರನ್ನು ಬಿಡಿಸಿ ಮಲ್ಟಿಮೀಟರಿನಿಂದ ತಡೆಯನ್ನು ಅಳೆದು, ಆ ಮಾದರಿಯ ಕೈಪಿಡಿಯ ಕೋಷ್ಟಕದೊಡನೆ ಹೋಲಿಸಬಹುದು.

ಉಳಿದ ಕಾರಣಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬ್ಯಾಟರಿ ಸೊರಗಿ, ಸೆಲ್ಫ್ ಹೊಡೆಯುವಾಗ ವೋಲ್ಟೇಜು ಹತ್ತಕ್ಕಿಂತ ಬಹಳ ಕೆಳಗಿಳಿದರೆ ಸ್ಟಾರ್ಟರು ತಿರುಗಿದರೂ ಗಣಕ ಕಣ್ಣುಮುಚ್ಚುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬ್ಯಾಟರಿಯ ತುದಿಗಳ ಬಿಳಿಯ ಹುಡಿ, ಎಂಜಿನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ತುಕ್ಕು ಇವೂ ಅದೇ ಕೆಡುಕನ್ನು ಮಾಡುತ್ತವೆ. ಏಳದ ಎಂಜಿನಿನಿಂದ ಸ್ಪಾರ್ಕ್ ಪ್ಲಗ್ಗೊಂದನ್ನು ಬಿಚ್ಚಿದಾಗ ಅದು ಒಣಗಿದ್ದರೆ ಪೆಟ್ರೋಲು ಬಂದಿಲ್ಲ, ಒದ್ದೆಯಾಗಿದ್ದರೆ ಪೆಟ್ರೋಲು ಬಂದು ಕಿಡಿ ಬಂದಿಲ್ಲ ಅಥವಾ ಪೆಟ್ರೋಲು ಅತಿಯಾಗಿದೆ. ಎಲ್ಲ ತರ್ಕಕ್ಕೂ ಮೊದಲ ಕವಲು ಇದೇ.

ಇಷ್ಟೆಲ್ಲ ಸುಲಭವಾದ ಪರೀಕ್ಷೆಗಳಿದ್ದೂ ಈ ತೊಡಕು ಬಗೆಹರಿಯದೆ ತಿಂಗಳುಗಟ್ಟಲೆ ಉಳಿಯುವುದೇಕೆ? ಕಾರಣ ಭೂಗೋಳದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಶೀತಾರಂಭದ ಸಾಕ್ಷ್ಯ ದಿನಕ್ಕೆ ಒಂದೇ ಸಲ, ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ ದೊರೆಯುತ್ತದೆ. ಎಂಜಿನು ಒಮ್ಮೆ ಎದ್ದಿತೆಂದರೆ ಕೊಳವೆಯ ಒತ್ತಡ ತುಂಬಿತು, ನೀರು ಬಿಸಿಯಾಯಿತು, ಪ್ಲಗ್ಗಿನ ತೇವ ಉರಿದುಹೋಯಿತು. ಬಿಳಿಗೆರೆಯಿಂದ ನಂಜನಗೂಡಿಗೋ ಮೈಸೂರಿಗೋ ಹೋಗಿ ವರ್ಕ್‌ಷಾಪಿನ ಮುಂದೆ ನಿಲ್ಲಿಸುವ ವೇಳೆಗೆ ರೋಗಿ ಆರೋಗ್ಯವಂತ. ಪ್ರಯಾಣವೇ ಸಾಕ್ಷ್ಯವನ್ನು ನಾಶಮಾಡಿರುತ್ತದೆ. ಆಗ ಮೆಕ್ಯಾನಿಕ್ಕಿಗೆ ಉಳಿಯುವುದು ಊಹೆಯೊಂದೇ: ಪ್ಲಗ್ಗು ಬದಲಾಯಿಸಿ ನೋಡು, ಆಗದಿದ್ದರೆ ಫಿಲ್ಟರು, ಆಗದಿದ್ದರೆ ಪಂಪು. ಒಂದೊಂದು ಊಹೆಗೂ ಬೆಲೆ ತೆರುವವನು ಕಾರಿನ ಒಡೆಯ. ಪೇಟೆಯ ವರ್ಕ್‌ಷಾಪಿನ ನಿಪುಣತೆ ಇಲ್ಲಿ ಪ್ರಶ್ನೆಯಲ್ಲ. ಅವರು ಕಾಣದ ವಸ್ತುವನ್ನು ಕುರಿತು ತೀರ್ಪು ಕೊಡಬೇಕಾಗಿದೆ.

ಆದ್ದರಿಂದ ಹಳ್ಳಿಯಲ್ಲಿರುವ ಒಡೆಯನೇ ಪ್ರತ್ಯಕ್ಷದರ್ಶಿ, ಅವನ ಬರೆಹವೇ ಮೂಲ ಆಕರ. ಒಂದು ವಾರದ ಬೆಳಗುಗಳನ್ನು ಹಳೆಯ ನೋಟು ಪುಸ್ತಕದಲ್ಲಿ ಗುರುತುಹಾಕಿಕೊಂಡರೆ ಸಾಕು: ರಾತ್ರಿ ಎಷ್ಟು ಗಂಟೆ ನಿಂತಿತ್ತು, ಹವೆ ಎಷ್ಟು ಡಿಗ್ರಿ, ಪಂಪಿನ ಝೇಂಕಾರ ಕೇಳಿತೇ, ಎಷ್ಟನೆಯ ಸಲಕ್ಕೆ ಎದ್ದಿತು, ಯಾವ ಉಪಾಯಕ್ಕೆ ಒಲಿಯಿತು, ಹೊಗೆಯ ಬಣ್ಣ ಯಾವುದು. ಅಥವಾ ಸಂಜೆಯೇ ಕಾರನ್ನು ವರ್ಕ್‌ಷಾಪಿನಲ್ಲಿ ಬಿಟ್ಟುಬಂದು, ಮರುದಿನ ತಾನು ಬರುವವರೆಗೆ ಕೀಲಿಯನ್ನು ಮುಟ್ಟಬಾರದೆಂದು ಹೇಳಬೇಕು. ಎರಡನೆಯ ಮಾತಿಗೆ ವರ್ಕ್‌ಷಾಪಿನವರು ಒಪ್ಪುವುದು ವಿರಳ. ಸ್ಥಳದ ಅಭಾವದಿಂದ ಕಾರನ್ನು ಅತ್ತಿತ್ತ ಸರಿಸದೆ ಅವರಿಗೆ ನಡೆಯುವುದಿಲ್ಲ.

ಇದು ಕೇವಲ ಕುತೂಹಲದ ವಿಷಯವಲ್ಲವೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. 1998ರಿಂದ 2010ರವರೆಗಿನ ಕಾರುಗಳೆಲ್ಲ ಈಗ ಆ ಗಡಿಯನ್ನು ದಾಟಿವೆ. ನವೀಕರಣದ ಕೇಂದ್ರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. ಇಷ್ಟು ತೆತ್ತು ಉಳಿಸಿಕೊಳ್ಳಬೇಕೇ, ಗುಜರಿಗೆ ಕೊಡಬೇಕೇ ಎಂದು ಬೇಸಾಯದ ಮನೆಯೊಂದು ಯೋಚಿಸುವಾಗ, ‘ಬೆಳಿಗ್ಗೆ ಏಳುವುದಿಲ್ಲ’ ಎಂಬ ಒಂದು ವಾಕ್ಯ ತಕ್ಕಡಿಯನ್ನು ಬಾಗಿಸುತ್ತದೆ. ಕಾಯಿಲೆಯ ಹೆರಿಗೆಯ ಹೊತ್ತಿಗೆ ಕಾರು ಏಳದಿದ್ದರೆ ಎಂಬ ಭಯಕ್ಕೆ ಯಾರೂ ಉತ್ತರ ಹೇಳಲಾರರು. ಕೆಲವು ನೂರು ರೂಪಾಯಿಯ ಸೆನ್ಸರು ಹೇಳಿದ ಸುಳ್ಳಿಗೆ ಇಡೀ ಕಾರು ದಂಡ ತೆರುವ ಸಂಭವ ಹೀಗೆ ಉಂಟಾಗುತ್ತದೆ.

ಕೊನೆಯದಾಗಿ ಇಂಧನದ ವಿಷಯ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸದೆಂದು ಅನೇಕರು ತಿಳಿದಿದ್ದಾರೆ. ಆದರೆ ಇದಕ್ಕಾಗಿ ಭಾರತದಲ್ಲಿ 1948ರಲ್ಲಿಯೇ ಪವರ್ ಆಲ್ಕೊಹಾಲ್ ಅಧಿನಿಯಮವೊಂದು ಬಂದು, 2000ದಲ್ಲಿ ರದ್ದಾಯಿತು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯೂ ಡಿಸ್ಟಿಲರಿಯೂ ಇರುವುದರಿಂದ ಇದು ಈ ಸೀಮೆಯ ಕಬ್ಬಿಗೂ ಸಂಬಂಧಿಸಿದ ವಿಷಯ. ಎಥನಾಲ್ ಆವಿಯಾಗುವುದಕ್ಕೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮೀರಿದ ಶಾಖ ಬೇಕು. ಎಥನಾಲ್ ಒಂದರಲ್ಲೇ ಓಡುವ ಬ್ರೆಜಿಲಿನ ಕಾರುಗಳಲ್ಲಿ ತಣ್ಣನೆಯ ಬೆಳಗುಗಳಿಗಾಗಿ ಪೆಟ್ರೋಲಿನ ಪುಟ್ಟ ಟ್ಯಾಂಕೊಂದನ್ನು ಪ್ರತ್ಯೇಕವಾಗಿ ಇಡುತ್ತಿದ್ದುದು ಈ ಕಾರಣದಿಂದಲೇ. ಆದರೆ ಶೇಕಡ 20ರ ಮಿಶ್ರಣದಲ್ಲಿ ಪೆಟ್ರೋಲಿನ ಹಗುರವಾದ ಅಂಶ ಸಾಕಷ್ಟು ಉಳಿದಿರುವುದರಿಂದ, ನಮ್ಮ 16 ಡಿಗ್ರಿಯ ಬೆಳಗಿನಲ್ಲಿ ಎಂಜಿನು ಏಳದಿರುವುದಕ್ಕೆ ಎಥನಾಲನ್ನೇ ದೂರುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಹಳೆಯ ಕಾರುಗಳಲ್ಲಿ ಅದರ ಪರಿಣಾಮ ಸುತ್ತುದಾರಿಯದು. ಈ ಮಿಶ್ರಣಕ್ಕಾಗಿ ರಚಿತವಾಗದ ರಬ್ಬರಿನ ಕೊಳವೆಗಳೂ ಸೀಲುಗಳೂ ಕ್ರಮೇಣ ಉಬ್ಬಿ ಬಿರಿಯಬಹುದು. ಬಹುದಿನ ನಿಂತ ಕಾರಿನ ಟ್ಯಾಂಕಿನಲ್ಲಿ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕೊಳವೆ ಬಿರಿದರೆ ರಾತ್ರಿ ಒತ್ತಡ ಸೋರುತ್ತದೆ, ಬೆಳಿಗ್ಗೆ ಕೀಲಿಯನ್ನು ಮೂರು ಸಲ ತಿರುಗಿಸಿದರೆ ಎಂಜಿನು ಏಳುತ್ತದೆ. ರೂಪ ಮೇಲೆ ಹೇಳಿದ ಕವಾಟದ ದೋಷದ್ದೇ ಆದರೂ ಸಂಪ್ರಾಪ್ತಿ ಬೇರೆ. ಹೊಸ ಪಂಪನ್ನು ಕೊಳ್ಳುವ ಮೊದಲು ಟ್ಯಾಂಕಿನಿಂದ ಇಂಜೆಕ್ಟರಿನವರೆಗಿನ ಕೊಳವೆಯನ್ನು ಹಗಲು ಬೆಳಕಿನಲ್ಲಿ, ಬೆಂಕಿಯನ್ನು ದೂರವಿಟ್ಟು, ಕಣ್ಣಿನಿಂದಲೂ ಮೂಗಿನಿಂದಲೂ ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದು.